ಕಪ್ಪು ಪೈಪು ಮತ್ತು ಪುಟ್ಟಿಯ ನೀರಿನ ಬಾಟಲಿ

ಸಂಜೆ ಶಾಲೆ ಬಿಡುವ ಹೊತ್ತಿಗೆ ನಮ್ಮ ಉದ್ದಬೀದಿಯನ್ನು ನೀವು ನೋಡಬೇಕು. ನೋಡೋದೇನು, ನಿಮ್ಮಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ಬಸ್ಸಿನ ಹಿಂದೆ ಕಾರು, ಕಾರಿನ ಪಕ್ಕಕ್ಕೆ ಸ್ಕೂಟರುಗಳು, ಸ್ಕೂಟರುಗಳ ನಡುವೆ ಮೂಗು ತೂರಿಸಿದ ಆಟೊ. ಸಿಗ್ನಲ್ ಹಸಿರಾಗುತ್ತೆ, ಎಲ್ಲರೂ ಗೇರ್ ಹಾಕುತ್ತಾರೆ, ಅಷ್ಟರಲ್ಲಿ ಕೆಂಪು. ಹಾರ್ನ್ ಹೊಡೆದರೆ ರಸ್ತೆ ಅಗಲವಾಗುತ್ತೆ ಅನ್ನೋ ನಂಬಿಕೆ ಮಾತ್ರ ಇನ್ನೂ ಯಾರಿಗೂ ಹೋಗಿಲ್ಲ.

ಈ ಬೀದಿಯ ನಟ್ಟನಡುವೆ ಒಂದು ಪೇಂಟ್ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಕರೆಯೋದು ಬಣ್ಣದ ಮಾವ ಅಂತ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ನೋಡಿಕೊಳ್ಳೋದು ಮಾವ ಮತ್ತು ಅವರ ಸೊಸೆ. ಒಂದನೇ ಕ್ಲಾಸಿನ ಮೊಮ್ಮಗಳು ಪುಟ್ಟಿ ಶಾಲೆಗೆ ಹೋಗಿ ಬರೋದು ವ್ಯಾನಿನಲ್ಲಿ. ಯಾವ ಗೋಡೆಗೆ ಯಾವ ಬಣ್ಣ ಅನ್ನೋದರಿಂದ ಹಿಡಿದು ಯಾವ ಹುಡುಗಿಗೆ ಯಾವ ಗಂಡು ಅನ್ನೋವರೆಗೂ ಬೀದಿಯವರು ಕೇಳೋದು ಮಾವನನ್ನೇ. "ಗೊತ್ತಿಲ್ಲ" ಅನ್ನೋದೊಂದೇ ಅವರ ಅಂಗಡಿಯಲ್ಲಿ ಸಿಗದ ಬಣ್ಣ.

ಒಂದು ಬೆಳಗ್ಗೆ ಬಾಗಿಲು ತೆಗೆದರೆ ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಪೈಪು ಬಿದ್ದಿವೆ. ಬೆರಳಿನಷ್ಟು ದಪ್ಪ. ಅವುಗಳ ತುದಿ ಕಂಬಕ್ಕೆ ಬೀಗ ಹಾಕಿ ಕಟ್ಟಿದ ಡಬ್ಬಿಯೊಳಕ್ಕೆ ಹೋಗಿದೆ. ನಗರಸಭೆಯವರು ಹಾಕಿ ಹೋದರಂತೆ. ಯಾಕೆ ಅಂತ ಯಾರಿಗೂ ಹೇಳಿಲ್ಲ. ಪಂಕ್ಚರ್ ಅಂಗಡಿಯವನು ಓಡಿ ಬಂದು ಮಾವನನ್ನು ಕೇಳಿದ. ಮಾವ ಗಡ್ಡ ಕೆರೆದುಕೊಂಡು, ಒಂದು ಗಳಿಗೆ ಯೋಚಿಸಿ, ಹೇಳೇಬಿಟ್ಟರು.

"ಇದು ದಂಡದ ಪೈಪು ಕಣಯ್ಯಾ. ಇದರ ಮೇಲೆ ಹತ್ತಿದ ಗಾಡಿ ನಂಬರು ಸೀದಾ ಆಫೀಸಿಗೆ ಹೋಗುತ್ತೆ. ಆಮೇಲೆ ಮನೆಗೆ ಚೀಟಿ ಬರುತ್ತೆ, ನೋಡ್ತಾ ಇರು."

ಮಧ್ಯಾಹ್ನದೊಳಗೆ ಈ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಎಲ್ಲೂ ಸಿಕ್ಕಿಹಾಕಿಕೊಳ್ಳದೆ ನಮ್ಮ ಬೀದಿಯಲ್ಲಿ ಓಡೋದು ಮಾತೊಂದೇ ತಾನೇ. ಆ ವಾರವೆಲ್ಲ ಆಟೊಗಳು, ಕಾರುಗಳು, ಹಾಲಿನ ಗಾಡಿ, ಎಲ್ಲ ಹಿಂದಿನ ಓಣಿಯಲ್ಲೇ ಓಡಾಡಿದವು. ಓಣಿ ಎಷ್ಟು ಕಿರಿದು ಅಂದರೆ ಗೋಡೆಗಳ ಸುಣ್ಣವೆಲ್ಲ ಗಾಡಿಗಳಿಗೆ ಹತ್ತಿತು. ಪುಟ್ಟಿಯ ಶಾಲೆ ವ್ಯಾನ್ ಓಡಿಸೋ ಅಕ್ಕ ಮಾತ್ರ ಹಳೇ ದಾರಿಯಲ್ಲೇ ಬರುತ್ತಿದ್ದಳು. ಮಾವ ತಾವೇ ರಸ್ತೆಗಿಳಿದು ಕೈ ಅಡ್ಡ ಹಿಡಿದು, ಪೈಪು ತೆಗೆಯೋವರೆಗೂ ಈ ಕಡೆ ತಲೆ ಹಾಕಬೇಡ ತಾಯಿ ಅಂತ ಅವಳನ್ನೂ ಓಣಿಗೆ ತಿರುಗಿಸಿದರು.

ವಾರ ಕಳೆಯಿತು. ನಗರಸಭೆಯವರು ಪೈಪು ಸುತ್ತಿಕೊಂಡು ಹೋದರು. ಯಾರ ಮನೆಗೂ ಚೀಟಿ ಬರಲಿಲ್ಲ. ನನ್ನ ಮಾತು ಕೇಳಿದ್ದಕ್ಕೆ ಬಚಾವಾದಿರಿ ಅಂತ ಮಾವ ಮೀಸೆ ತಿರುವಿದರು. ಗಾಡಿಗಳು ಮತ್ತೆ ಬೀದಿಗೆ ಬಂದವು.

ಅದಾಗಿ ಸ್ವಲ್ಪ ದಿನಕ್ಕೆ ಸಿಗ್ನಲ್‌ಗಳ ಹೊತ್ತು ಬದಲಾಯಿತು. ಸಂಜೆ ನಮ್ಮ ಬೀದಿಗೆ ಹಸಿರು ದೀಪ ಕಣ್ಣು ಮಿಟುಕಿಸಿದ ಹಾಗೆ ಬಂದು ಹೋಗುತ್ತಿತ್ತು. ಅಡ್ಡರಸ್ತೆಯಲ್ಲಿ ಗಾಡಿಗಳಿಲ್ಲದಿದ್ದರೂ ಅವರಿಗೆ ಹಸಿರೇ ಹಸಿರು. ಹಿಂದೆ ಇದ್ದ ಸಾಲು ಎರಡರಷ್ಟಾಯಿತು. ಬಣ್ಣದ ಮಾವನಿಗೆ ನಗರಸಭೆಯನ್ನು ಬೈಯೋಕೆ ಹೊಸ ಸರಕು ಸಿಕ್ಕಿತು.

ಮನೆಯೊಳಗೆ ನಡೆಯುತ್ತಿದ್ದ ಸಂಗತಿ ಮಾತ್ರ ಅವರಿಗೆ ಕಾಣಲಿಲ್ಲ. ಅದನ್ನು ಕಂಡವಳು ಸೊಸೆ. ಪುಟ್ಟಿಯ ನೀರಿನ ಬಾಟಲಿ ಬೆಳಗ್ಗೆ ತುಂಬಿಸಿದ್ದು ತುಂಬಿದ ಹಾಗೇ ಸಂಜೆ ಮನೆಗೆ ವಾಪಸ್ ಬರುತ್ತಿತ್ತು. ಮರೆತಳೇನೋ ಅಂದುಕೊಂಡು ಸುಮ್ಮನಾದಳು. ಒಂದು ಸಂಜೆ ಮಗುವಿಗೆ ಜ್ವರ, ಉಚ್ಚೆ ಹೊಯ್ಯೋಕೆ ಕೂತರೆ ಉರಿ ಅಂತ ಅಳು. ಡಾಕ್ಟರು ನೋಡಿ ಔಷಧಿ ಕೊಟ್ಟು, ಮಗು ನೀರೇ ಕುಡಿಯುತ್ತಿಲ್ಲ, ಹೀಗೇ ಆದರೆ ಕಷ್ಟ, ಯಾಕೆ ಅಂತ ವಿಚಾರಿಸಿ ಅಂದರು.

ಮನೆಗೆ ಬಂದ ಮೇಲೆ ಮಾವ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಕೇಳಿದರು.

"ಕುಡಿದರೆ ಬರುತ್ತಲ್ಲ ತಾತ," ಅಂದಳು ಪುಟ್ಟಿ. "ವ್ಯಾನು ಎಷ್ಟೊತ್ತಾದರೂ ಹೋಗೋದೇ ಇಲ್ಲ. ಒಂದಿನ ಸೀಟಲ್ಲೇ ಆಗೋಯ್ತು. ಎಲ್ಲರೂ ನಕ್ಕರು."

ಮಾವ ಮೊಮ್ಮಗಳ ತಲೆ ಸವರಿದರು. ಆಮೇಲೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಸೊಸೆಯನ್ನು ಕರೆದುಕೊಂಡು ನಗರಸಭೆಯ ಸಿಗ್ನಲ್ ಆಫೀಸಿಗೆ ಹೋದರು. ಇವತ್ತು ಅವರ ನೀರಿಳಿಸಿಯೇ ಬರೋದು ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದರಂತೆ.

ಅಲ್ಲಿ ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡ ಒಬ್ಬರು ಎಂಜಿನಿಯರ್ ಮೇಡಂ ಇದ್ದರು. ಮಾವ ಉಸಿರು ಬಿಡದೆ ಬೈದದ್ದನ್ನೆಲ್ಲ ಕೇಳಿಸಿಕೊಂಡು, ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟರು. ಆಮೇಲೆ ಗೋಡೆಯ ದೊಡ್ಡ ಪರದೆಯಲ್ಲಿ ಉದ್ದಬೀದಿಯನ್ನು ತೋರಿಸಿದರು.

"ಯಜಮಾನರೇ, ಗಾಡಿ ಎಣಿಸೋ ಪೈಪು ಹಾಕಿದ ವಾರ ನಿಮ್ಮ ಬೀದೀಲಿ ಬಸ್ಸು ಬಿಟ್ಟರೆ ಗಾಡಿಗಳೇ ಇರಲಿಲ್ಲ. ನನಗೂ ಆಶ್ಚರ್ಯ ಆಯ್ತು. ಎಲ್ಲರೂ ಗುಳೆ ಹೋಗಿದ್ರಾ?"

"ಎಣಿಸೋ ಪೈಪೇ?" ಅಂದರು ಮಾವ. ಸೊಸೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಕಿಟಕಿ ಕಡೆ ನೋಡಿದಳು.

ಮೇಡಂ ಬಿಡಿಸಿ ಹೇಳಿದರು. ಚಕ್ರ ಹತ್ತಿದಾಗಲೆಲ್ಲ ಪೈಪಿನೊಳಗಿನ ಗಾಳಿ ಕಂಬದ ಡಬ್ಬಿಗೆ ನುಗ್ಗುತ್ತೆ, ಡಬ್ಬಿ ಎಣಿಸಿಕೊಳ್ಳುತ್ತೆ, ಅಷ್ಟೇ. ಗಾಡಿ ನಂಬರೂ ಅದಕ್ಕೆ ಬೇಡ, ಓಡಿಸೋರ ಹೆಸರೂ ಬೇಡ. ಯಾವ ದಿನ ಯಾವ ಹೊತ್ತಿಗೆ ಎಷ್ಟು ಗಾಡಿ ಅಂತ ತಿಳಿದರೆ, ಮುಂದಿನ ವಾರ, ಮುಂದಿನ ತಿಂಗಳು ಎಷ್ಟು ಬರಬಹುದು ಅಂತ ಮೊದಲೇ ಅಂದಾಜು ಕಟ್ಟಬಹುದು. ಆ ಅಂದಾಜಿನ ಮೇಲೆ ಹಸಿರು ದೀಪದ ಹೊತ್ತು ಹಂಚೋದು. ಒಂದು ಸಿಗ್ನಲ್ ದಾಟಿದವರಿಗೆ ಮುಂದಿನದೂ ಹಸಿರಾಗಿ ಸಿಗೋ ಹಾಗೆ ಇಡೀ ಬೀದಿಯ ದೀಪಗಳನ್ನು ಒಂದಕ್ಕೊಂದು ಹೊಂದಿಸೋದು.

"ನಾಲ್ಕೇ ಜನ ಊಟಕ್ಕೆ ಅಂತ ಹೇಳಿ ನಲವತ್ತು ಜನ ಬಂದರೆ, ಅಡುಗೆಯವರನ್ನ ಬೈದು ಏನು ಬಂತು?"

ಮಾವ ಪರದೆಯಲ್ಲಿದ್ದ ಬೀದಿಯ ಕಡೆ ತಿರುಗಿದರು. ಓಣಿಗೆ ತಿರುಗಿಸಿದ ಆ ವ್ಯಾನು ಕಣ್ಣ ಮುಂದೆ ಬಂದಿರಬೇಕು.

"ಮೇಡಂ, ನಲವತ್ತನ್ನ ನಾಲ್ಕು ಮಾಡಿದವನು ನಾನೇ," ಅಂದರು. "ನನ್ನ ಮೊಮ್ಮಗಳ ಗಾಡೀನೇ ಲೆಕ್ಕಕ್ಕೆ ಸಿಗದ ಹಾಗೆ ಮಾಡಿದೆ."

ಮೇಡಂ ಗೆದ್ದ ಮುಖ ಮಾಡಲಿಲ್ಲ. ಪೈಪು ಯಾಕೆ ಅಂತ ಮೊದಲೇ ಬಂದು ಹೇಳಬೇಕಿತ್ತು, ಅದು ನಮ್ಮ ತಪ್ಪು, ಈ ಸಲ ಹೇಳಿಯೇ ಎಣಿಸೋಣ ಅಂದರು. ಹೊರಡುವಾಗ ಇನ್ನೊಂದು ಕೇಳಿದರು. ಸಂಜೆ ಹೊತ್ತು ನಿಮ್ಮ ಅಂಗಡಿ ಮುಂದೆ ಪೇಂಟ್ ಡಬ್ಬಿ ಇಳಿಸೋ ಲಾರಿ ನಿಲ್ಲುತ್ತಲ್ಲವಾ? ಅದು ನಿಂತರೆ ಅರ್ಧ ರಸ್ತೆ ಮಾಯ. ದೀಪ ಹಸಿರಾಗಿದ್ದರೂ ಹೋಗೋಕೆ ಜಾಗ ಬೇಕಲ್ಲ? ಮಾವ ಉತ್ತರ ಕೊಡುವ ಮೊದಲೇ, ನಾಳೆಯಿಂದ ಲಾರಿ ಬೆಳಗ್ಗೆ ಬೇಗ ಬರುತ್ತೆ ಅಂತ ಸೊಸೆ ಹೇಳಿಬಿಟ್ಟಳು.

ಎಣಿಕೆಗೆ ಮುಂಚಿನ ದಿನ ಮೇಡಂ ತಾವೇ ಬೀದಿಗೆ ಬಂದರು. ಬಣ್ಣದ ಮಾವ ಅವರ ಜೊತೆ ಅಂಗಡಿ ಅಂಗಡಿಗೂ ಹೋಗಿ, ದಂಡದ ಪೈಪು ಅಂದದ್ದು ನನ್ನ ತಲೆಯಲ್ಲಿ ಹುಟ್ಟಿದ ಸುಳ್ಳು ಅಂತ ಹೇಳಿದರು. ಕೆಲವರು ನಕ್ಕರು. ನಗಲಿ, ದಿನದ ದಾರಿ ಬಿಡದಿದ್ದರೆ ಸಾಕು ಅಂದರು ಮಾವ. ಪಂಕ್ಚರ್ ಅಂಗಡಿಯವನಿಗೆ ಮಾತ್ರ ಬೇರೆಯೇ ಬುದ್ಧಿ ಓಡಿತು. ನನ್ನ ಸ್ಕೂಟರನ್ನು ಪೈಪಿನ ಮೇಲೆ ದಿನವೆಲ್ಲ ಹತ್ತಿಸಿ ಇಳಿಸಿದರೆ ಹಸಿರೆಲ್ಲ ನಮಗೇ ಸಿಗೋದಿಲ್ಲವಾ ಅಂದ.

"ಸಿಗುತ್ತೆ," ಅಂದರು ಮೇಡಂ. "ಆಗ ಅಡ್ಡರಸ್ತೆಯವರ ಮಗು ವ್ಯಾನಲ್ಲಿ ಅಳುತ್ತೆ. ರಸ್ತೆ ದಾಟೋ ಮುದುಕರು ನಿಂತೇ ಇರ್ತಾರೆ. ಕಡಿಮೆ ತೋರಿಸೋದೂ ಸುಳ್ಳೇ, ಜಾಸ್ತಿ ತೋರಿಸೋದೂ ಸುಳ್ಳೇ ತಮ್ಮಾ."

ಅವನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ.

ಆ ವಾರ ಯಾರೂ ಓಣಿಗೆ ತಿರುಗಲಿಲ್ಲ, ಯಾರೂ ಬೇಕೆಂದೇ ಸುತ್ತಲಿಲ್ಲ. ದಿನಾ ಹೋಗೋ ಹಾಗೇ ಹೋದರು. ಸರಕಿನ ಲಾರಿಗಳಿಗೆ ಅಂತ ಓಣಿಯ ಬಾಯಲ್ಲಿ ನಗರಸಭೆ ಜಾಗ ಗುರುತು ಮಾಡಿತು. ಅದರ ಹಳದಿ ಗೆರೆಗೆ ಪೇಂಟ್ ಕೊಟ್ಟವರು ಮಾವ. ಗೆರೆ ಎಳೆಯೋಕೂ ತಾವೇ ಹೋಗಿ ಸೊಂಟ ಹಿಡಿಸಿಕೊಂಡರು.

ಸಿಗ್ನಲ್‌ಗಳ ಹೊತ್ತು ಮತ್ತೆ ಬದಲಾಯಿತು. ಉದ್ದಬೀದಿಯೇನೂ ಖಾಲಿಯಾಗಲಿಲ್ಲ. ಸಾಲು ಈಗಲೂ ಇದೆ, ಆದರೆ ಹರಿಯುತ್ತೆ. ಒಂದು ಸಂಜೆ ಬಿಸಿಲಿನ್ನೂ ಅಂಗಡಿ ಮೆಟ್ಟಿಲ ಮೇಲೆ ಇರುವಾಗಲೇ ವ್ಯಾನು ಬಂದು ನಿಂತಿತು. ಇಷ್ಟು ಬೇಗನಾ ಅಂತ ಮಾವ ಎದ್ದರು. ಪುಟ್ಟಿ ಇಳಿದು ಬಂದು ತಾತನ ಕೈಗೆ ಬಾಟಲಿ ಕೊಟ್ಟಳು. ಮಾವ ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಮುಚ್ಚಳ ತೆಗೆದು ಬೋರಲು ಹಿಡಿದರೆ ಒಂದೇ ಹನಿ ಬಿತ್ತು.

"ಇನ್ನೂ ಬೇಕು ತಾತ," ಅಂದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ನಾಳೆ ಇಂಥ ಪೈಪು ಬೀಳಬಹುದು. ಕೈಯಲ್ಲಿ ಹಾಳೆ ಹಿಡಿದವರು ಬಂದು, ಯಾವ ಹೊತ್ತಿಗೆ ಎಲ್ಲಿಗೆ ಹೋಗ್ತೀರಿ ಅಂತ ಕೇಳಬಹುದು. ಅನುಮಾನ ಬಂದರೆ ಪಕ್ಕದ ಮನೆಯವರ ಕಿವಿ ಕಚ್ಚಬೇಡಿ, ನಗರಸಭೆಗೇ ಹೋಗಿ ಕೇಳಿ. ಗೊತ್ತಾದ ಮೇಲೆ ದಿನಾ ಹೋಗೋ ದಾರಿಯಲ್ಲೇ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ. ಸರಕಿನ ಗಾಡಿಯನ್ನು ಶಾಲೆ ಬಿಡೋ ಹೊತ್ತಿಗೆ ರಸ್ತೆಯಲ್ಲಿ ನಿಲ್ಲಿಸಬೇಡಿ. ಆ ಸಾಲಿನಲ್ಲಿ ಎಲ್ಲೋ ಹಿಂದೆ ಒಂದು ಮಗು ಬಾಟಲಿ ತುಂಬ ನೀರಿದ್ದರೂ ಬಾಯಾರಿ ಕೂತಿರುತ್ತೆ. ಅದು ನಿಮ್ಮ ಮನೆಗೇ ಬರ್ತಾ ಇರಬಹುದು.