ಐದನೇ ಮೆಟ್ಟಿಲಿನ ಸುಣ್ಣದ ಗೆರೆ

ಟೀ ಲೋಟ ಪ್ರೂಫ್ ಹಾಳೆಯ ಮೇಲೆ ಒದ್ದೆ ಉಂಗುರ ಬಿಟ್ಟಿದೆ, ಒರೆಸಬೇಕು, ಕೈ ಏಳುತ್ತಿಲ್ಲ, ಒಂಬತ್ತನೇ ಪುಟಕ್ಕೇ ಬಿದ್ದಿದೆ, ದೇವರು ಸಮುದ್ರದ ನೀರನ್ನು ಕರೆದು ನೆಲದ ಮೇಲೆ ಸುರಿಯುತ್ತಾನೆ ಅನ್ನುವ ಕಡೆ — ನಾಲ್ಕನೇ ಪುಟದಲ್ಲಿ ಅದೇ ದೇವರು ನೀರಿಗೆ ಮೇರೆ ಹಾಕಿದ್ದಾನೆ, ಅದು ದಾಟಿ ಬರುವುದಿಲ್ಲ ಅಂತಿತ್ತು, ಈಗಿಲ್ಲ, ನಿನ್ನೆ ನಾನೇ ತೆಗೆದುಹಾಕಿದೆ, ಚರ್ಚಿನವರ ಬೈಬಲ್ ಪುಸ್ತಿಕೆಗೆ ಕೈ ಹಾಕಲು ಅರಸೀಕೆರೆಯ ಡಿಟಿಪಿ ಹೇಮಲತಾ ಯಾರು, ಮಠದ ಕರಪತ್ರ, ಮದುವೆ ಕಾಗದ, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಒಂದು ಕೊಂಬು ಬಿಟ್ಟವಳಲ್ಲ, ಅರ್ಥಕ್ಕೆ ತಲೆ ಹಾಕಿದವಳೂ ಅಲ್ಲ. ಪ್ರೆಸ್ಸಿನ ಯಜಮಾನರು ಷಡಕ್ಷರಪ್ಪನವರು ಬಯ್ಯಲೂ ಇಲ್ಲ, ಅರ್ಥ ನೋಡೋಕೆ ಕೂರ್ಸಿಲ್ಲ ಕಣಮ್ಮ ನಿನ್ನ, ಆ ಸಾಲು ವಾಪಸ್ ಹಾಕು, ನಾಲ್ಕು ಗಂಟೆಗೆ ಅಚ್ಚಿನ ಮಿಷನ್ನಿಗೆ ಹೋಗ್ಬೇಕು. ಬೆಳಿಗ್ಗೆ ಪಾಸ್ಟರು ಕುರ್ಚಿ ಎಳೆದುಕೊಂಡು ಕೂತು, ಪಾಪ ಒಳ್ಳೆಯ ಮನುಷ್ಯ, ಎರಡೂ ನಿಜಾನೇ ಅಮ್ಮ, ಗೆರೆ ನೀರಿಗೆ, ಗೆರೆ ಹಾಕ್ದೋನಿಗಲ್ಲ, ಅವನೇ ತಡೀತಾನೆ, ಅವನೇ ಕರೀತಾನೆ. ಆಗಲಿ ಸಾರ್ ಅಂದೆ.

ಅವನ ಗೆರೆ ನೀರಿಗೆ, ನನ್ನದು ನೀರಿಗಲ್ಲವಲ್ಲ, ಸಿಂಧುವಿಗೆ, ನನ್ನ ಮಗಳಿಗೆ — ಬಾಣಾವರದ ಹತ್ತಿರ, ತೌರಿನ ಕಲ್ಯಾಣಿ, ಬೇಸಿಗೆ ರಜ, ನೀರು ತಳದಲ್ಲೆಲ್ಲೋ ಇತ್ತು, ಮೇಲಿನಿಂದ ಐದನೇ ಮೆಟ್ಟಿಲಿಗೆ ಹೊಸ್ತಿಲಿಗೆ ಬಳಿಯುವ ಹಾಗೆ ಕೆಮ್ಮಣ್ಣು ಬಳಿದು, ಅಂಚಿಗೆ ಸುಣ್ಣದ ಗೆರೆ ಎಳೆದೆ, ಇದನ್ನ ದಾಟಬಾರದು ಕಣೇ, ಇಲ್ಲಿಗೇ ನಿಂತ್ಕೋಬೇಕು, ಹ್ಞೂ ಅಮ್ಮ, ಆರು ವರ್ಷ, ಹೊಸ್ತಿಲ ಮೇಲೆ ಕಾಲಿಡಬೇಡ ಅಂದರೆ ಇಡದ ಮಗು, ಅದಕ್ಕೇ ಅಷ್ಟು ಧೈರ್ಯ ನನಗೆ. ಆಮೇಲೆ ಎರಡು ದಿನ ಮಳೆ ಹೊಡೆಯಿತು, ಕೆರೆ ನೀರೆಲ್ಲ ಕಲ್ಯಾಣಿಗೆ ನುಗ್ಗಿತು, ಕರೆದವರು ಯಾರು, ಮೂರನೇ ಮೆಟ್ಟಿಲವರೆಗೂ ಕೆಂಪು ನೀರು, ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ, ಗೆರೆ ಇದೆಯಲ್ಲ ಅಂತ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಸಣ್ಣತಾಯಮ್ಮ ಎಷ್ಟು ಸಲ ಹೇಳಿದಳೋ, ಆಟಕ್ಕೆ ಇಳೀಲಿಲ್ಲ ಕಣವ್ವ ನಿನ್ ಮಗು, ಅಮ್ಮ ಹಾಕಿದ್ ಗೆರೆ ಎಲ್ಲೈತೆ ಅಂತ ಕಾಲಲ್ಲಿ ತಡವ್ಕೊಂಡ್ ತಡವ್ಕೊಂಡ್ ಇಳೀತು, ನಾ ಸುತ್ತಾಕ್ಕೊಂಡು ಓಡಿ ಬರೋದ್ರಲ್ಲಿ. ಗೆರೆ ಹಾಕದೇ ಇದ್ದಿದ್ದರೆ ನೀರು ಕಂಡು ಹೆದರಿ ಮೇಲೇ ನಿಲ್ಲುತ್ತಿತ್ತು ಮಗು.

ಅದಾಗಿ ಹನ್ನೊಂದು ವರ್ಷ, ಈಗ ಗಂಟೆ ಮೂರೂ ಮುಕ್ಕಾಲು, ಷಡಕ್ಷರಪ್ಪನವರು ಕೆಮ್ಮುತ್ತಿದ್ದಾರೆ, ಬಯ್ಯುವುದಕ್ಕೆ ಬದಲು ಕೆಮ್ಮುತ್ತಾರೆ, ಆಯ್ತಾ ತಾಯಿ, ಆಯ್ತು ಸಾರ್, ಒಂದೇ ಸಾಲು, ಬೆರಳು ತಾನೇ ಹೊಡೆಯುತ್ತದೆ, ನೀರಿಗೆ ಮೇರೆ ಹಾಕಿದ್ದಾನೆ, ಅದು ದಾಟಿ — ಅದು ದಾಟಿ — ಕೆಸರೆಲ್ಲ ತಳಕ್ಕಿಳಿದು ನೀರು ತಿಳಿಯಾದಾಗ ಐದನೇ ಮೆಟ್ಟಿಲು ಕಂಡಿತು, ಸುಣ್ಣ ಅಳಿಸಿರಲಿಲ್ಲ, ಬೆಳ್ಳಗೆ, ನೆಟ್ಟಗೆ, ಮಗುವನ್ನು ಎತ್ತಿದ್ದೂ ಅಲ್ಲಿಂದಲೇ ಅಂದರು, ಅದೇ ಮೆಟ್ಟಿಲು, ಎರಡು ಪುಟ್ಟ ಪಾದ, ಗೆರೆಯ ಈಚೆಗೇ ಇದ್ದವಂತೆ