ಮುಳ್ಳು ನಡುಗಿದ ಜಾಗ

ರಕ್ತದೊತ್ತಡ ನೋಡುವುದನ್ನು ನರ್ಸಿಂಗ್ ಪದವಿಯ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೊಣಕೈಯ ಒಳಬದಿಗೆ ಸ್ಟೆತಾಸ್ಕೋಪ್ ಇಟ್ಟು, ನಿಧಾನವಾಗಿ ಗಾಳಿ ಬಿಡಬೇಕು. ಮೊದಲ ಬಡಿತ ಕೇಳಿಸಿದಾಗ ಮೀಟರಿನ ಮುಳ್ಳು ಎಲ್ಲಿದೆಯೋ ಅದು ಮೇಲಿನ ಅಂಕಿ; ಬಡಿತ ಅಡಗಿದ ಕಡೆ ಕೆಳಗಿನದು. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಅವಳಿಗೆ ಆ ಬಡಿತ ಕೇಳಿಸುವುದೇ ನಿಂತುಹೋಗಿತ್ತು.

ಒಮ್ಮೆಲೇ ಆದದ್ದಲ್ಲ. ದಪ್ಪ ಸ್ವರಗಳು ಮೊದಲು ಹೋದವು. ಗಂಡಸರ ಮಾತು ಮಸುಕಾಯಿತು, ಲಿಫ್ಟಿನ ಗುಂಯ್ ಎನ್ನುವ ಸದ್ದು ಇಲ್ಲವಾಯಿತು, ಕೊನೆಗೆ ಸ್ಟೆತಾಸ್ಕೋಪಿನೊಳಗಿನ ಟಕ್ ಟಕ್. ಮಧ್ಯಕಿವಿಯ ಪುಟ್ಟ ಮೂಳೆಯೊಂದು ಬಿಗಿದುಕೊಳ್ಳುವ ಕಾಯಿಲೆ. ಲೈಬ್ರರಿಯಲ್ಲಿ ಅವಳೇ ಹುಡುಕಿ ಓದಿಕೊಂಡಿದ್ದಳು. ಅದಕ್ಕೊಂದು ವಿಚಿತ್ರ ಲಕ್ಷಣ ಇದೆ: ಗದ್ದಲದ ನಡುವೆ ಮಾತು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಗದ್ದಲವಿದ್ದಾಗ ಎದುರಿನವರು ದನಿ ಎತ್ತರಿಸುತ್ತಾರೆ, ಗದ್ದಲ ಮಾತ್ರ ಇವರ ಕಿವಿಗೆ ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ ಮನೆಯಲ್ಲಿ ಗುಟ್ಟು ರಟ್ಟಾಗಲಿಲ್ಲ. ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ. ಬಟ್ಟೆ ಹೊಲಿಯುವುದು ಅಮ್ಮನ ಕೆಲಸ. ಮಿಷನ್ ಓಡುತ್ತಲೇ ಇರುತ್ತಿತ್ತು.

ಸೀಟು ಕೊಡುವಾಗ ಕಾಲೇಜು ಕೇಳಿದ್ದು ವಿಜ್ಞಾನದ ಅಂಕಗಳನ್ನಷ್ಟೇ ಅಲ್ಲ. ಲಸಿಕೆಗಳು, ಎದೆಯ ಎಕ್ಸ್‌ರೇ, ಕಣ್ಣು, ಕಿವಿ, ಎಲ್ಲ ಸರಿಯಿದೆ ಎಂದು ವೈದ್ಯರು ಬರೆದುಕೊಡಬೇಕಿತ್ತು. ಆಗ ಸರಿಯಾಗಿಯೇ ಇತ್ತು. ಆಮೇಲೆ ಏನಾದರೂ ಬದಲಾದರೆ ವಿದ್ಯಾರ್ಥಿಯೇ ತಿಳಿಸಬೇಕೆಂಬ ನಿಯಮವೂ ಇತ್ತು. ತಿಳಿಸಿದವರ ಸೀಟು ಹೋದಂತೆಯೇ ಲೆಕ್ಕ ಎಂದು ಹಿರಿಯ ವಿದ್ಯಾರ್ಥಿನಿಯರು ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ಅವಳು ನಂಬಿದಳು.

ಕಿವಿ ಕೈಕೊಟ್ಟಾಗ ಕಣ್ಣು ಒಂದು ದಾರಿ ತೋರಿಸಿತು. ಗಾಳಿ ಬಿಡುವಾಗ ಮುಳ್ಳು ಸರಾಗವಾಗಿ ಇಳಿಯುವುದಿಲ್ಲ. ಒಂದು ಹಂತದಲ್ಲಿ ನಾಡಿಗೆ ತಕ್ಕಂತೆ ಸಣ್ಣಗೆ ನಡುಗುತ್ತದೆ. ಗೆಳತಿಯರು ಕೇಳಿ ಹೇಳಿದ ಅಂಕಿಗೂ ತಾನು ನೋಡಿದ ಅಂಕಿಗೂ ತಾಳೆ ಹಾಕಿದಳು. ನಡುಕ ಸುಮಾರು ಹತ್ತು ಅಂಕಿ ಮೇಲೆಯೇ ಶುರುವಾಗುತ್ತಿತ್ತು. ಸರಿ, ಹತ್ತು ಕಳೆದು ಬರೆದರಾಯಿತು. ತೋಳು ಕೊಟ್ಟ ಗೆಳತಿಯರೆಲ್ಲ ಎಳೆಯರು, ಆರೋಗ್ಯವಂತರು; ವಯಸ್ಸಾದವರ ಬಿರುಸಾದ ರಕ್ತನಾಳದಲ್ಲಿ ಮುಳ್ಳು ಇನ್ನೂ ಎಷ್ಟೋ ಮೇಲೆಯೇ ನಡುಗಬಹುದು ಎಂಬುದು ಅವಳ ಲೆಕ್ಕದಲ್ಲಿ ಬರಲಿಲ್ಲ.

ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಒಬ್ಬ ನಿವೃತ್ತ ಬಸ್ ಡ್ರೈವರನದು. ಜೀವಮಾನವಿಡೀ ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅವನ ಗಂಟಲು ಇಳಿಯುವುದನ್ನೇ ಮರೆತಿತ್ತು. ಅವನ ಮಾತು ಪೂರ್ತಿ ಕೇಳಿಸುತ್ತಿದ್ದುದರಿಂದ ಅವಳಿಗೆ ಆ ಹಾಸಿಗೆ ಇಷ್ಟ.

"ಏನು ಸಣ್ಣ ಸಿಸ್ಟರ್, ಇವತ್ತೂ ಗಾಳಿ ಹೊಡೀತೀರಾ? ಪಂಕ್ಚರ್ ಆಗಿಲ್ಲ ಕಣಮ್ಮ."

"ಹಳೇ ಟಯರು ಅಂಕಲ್, ದಿನಾ ನೋಡ್ಬೇಕು."

"ನೋಡು ನೋಡು. ಇನ್ನೊಂದು ಟ್ರಿಪ್ ಬಾಕಿ ಇದೆ. ಮಗಳ ಮನೆಗೆ."

ಹೊಟ್ಟೆಯ ಆಪರೇಷನ್ ಆದ ಮರುದಿನ ಮಧ್ಯಾಹ್ನ ಅವನು ತಮಾಷೆ ಮಾಡಲಿಲ್ಲ. ಹಣೆ ತಣ್ಣಗೆ ಬೆವೆತಿತ್ತು.

"ಸುಸ್ತು ಕಣಮ್ಮ. ಗೇರೇ ಬೀಳ್ತಿಲ್ಲ."

ಅವಳು ಪಟ್ಟಿ ಸುತ್ತಿದಳು. ಮುಳ್ಳು ನೂರಿಪ್ಪತ್ತರ ಹತ್ತಿರ ನಡುಗಿತು. ನೂರಹತ್ತು ಎಂದು ಬರೆದಳು. ನಾಡಿಯೂ ಜೋರಾಗಿರಲಿಲ್ಲ. ಅವನು ದಿನಾ ನುಂಗುತ್ತಿದ್ದ ಹೃದಯದ ಮಾತ್ರೆ ನಾಡಿಯನ್ನು ಓಡಗೊಡುವುದಿಲ್ಲ; ಅಂಥವರಲ್ಲಿ ನಾಡಿಯನ್ನು ನೆಚ್ಚದೆ ಒತ್ತಡವನ್ನೇ ನೋಡಬೇಕೆಂದು ಅವಳು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದಳು. ವಾರ್ಡಿನ ಹಿರಿಯ ಸಿಸ್ಟರ್ ಕೇಳಿದಾಗ, "ಸುಸ್ತು ಅಂತಾರೆ, ಬಿಪಿ ಸರಿ ಇದೆ," ಎಂದಳು. ಸಿಸ್ಟರ್ ಬೇರೆ ರೋಗಿಯ ಕಡೆ ಹೋದರು.

ಪಾಳಿ ಬದಲಾದಾಗ ಬಂದ ನರ್ಸ್ ಮತ್ತೆ ನೋಡಿದರು. ಎಂಬತ್ತೂ ಇರಲಿಲ್ಲ. ಒಳಗೆ ರಕ್ತ ಸೋರುತ್ತಿತ್ತು. ಡ್ರೈವರನನ್ನು ಥಿಯೇಟರಿಗೆ ಒಯ್ದರು. ಅಲ್ಲಿಂದ ಅವನು ಜೀವಂತವಾಗಿ ಬರಲಿಲ್ಲ.

ಅವನ ಮಗಳು ಕಾರಿಡಾರಿನಲ್ಲಿ ಅವಳ ಕೈ ಹಿಡಿದುಕೊಂಡಳು. ಸುತ್ತ ಟ್ರಾಲಿಗಳ ಖಡಖಡ, ಜನರ ಗಲಾಟೆ. ಅದಕ್ಕೇ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು.

"ಅಪ್ಪ ನಿಮ್ಮ ಬಗ್ಗೆ ಹೇಳ್ತಾನೇ ಇದ್ರು. ಎಲ್ರಿಗಿಂತ ನಿಧಾನಕ್ಕೆ ನೋಡ್ತಾಳೆ, ಮುಳ್ಳಿನ ಮೇಲಿಂದ ಕಣ್ಣು ತೆಗೆಯಲ್ಲ ಅಂತ. ನೀವು ಒಳ್ಳೇ ನರ್ಸ್ ಆಗ್ತೀರಿ. ಹೀಗೇ ಇರಿ."

ಅವಳು ತಲೆಯಾಡಿಸಿದಳು.

ಕೊನೆಯ ವರ್ಷ ತೀವ್ರ ನಿಗಾ ಘಟಕಕ್ಕೆ ಕಳಿಸುವ ಮೊದಲು ಪ್ರತಿಯೊಬ್ಬರನ್ನೂ ಜೋಡಿ ಸ್ಟೆತಾಸ್ಕೋಪಿನಲ್ಲಿ ಪರೀಕ್ಷಿಸುವುದು ಕಾಲೇಜಿನ ಪದ್ಧತಿ. ರೋಗಿಯ ಮೈಮೇಲಿಡುವ ಬಿಲ್ಲೆ ಒಂದೇ, ಕಿವಿಗೆ ಹೋಗುವ ಕೊಳವೆಗಳು ಎರಡು ಜೊತೆ. ಒಂದು ಜೊತೆ ವಿದ್ಯಾರ್ಥಿಗೆ, ಇನ್ನೊಂದು ಪಾಠ ಹೇಳುವ ಮೇಡಂಗೆ. ಇಬ್ಬರೂ ಅದೇ ಬಡಿತ ಕೇಳಬೇಕು, ಅದೇ ಅಂಕಿ ಹೇಳಬೇಕು.

ಕೋಣೆ ನಿಶ್ಶಬ್ದವಾಗಿತ್ತು. ಸಹಪಾಠಿಯೊಬ್ಬಳು ತೋಳು ಚಾಚಿ ಕುಳಿತಿದ್ದಳು. ಮುಳ್ಳು ಇಳಿಯಿತು, ನಡುಗಿತು. ಎಳೆಯ ತೋಳು, ಹತ್ತು ಕಳೆದು ಹೇಳಿದ್ದರೆ ಅವಳು ಪಾಸಾಗುತ್ತಿದ್ದಳು.

"ಎಷ್ಟಮ್ಮ?" ಮೇಡಂ ಕೇಳಿದ್ದು ಅವರ ತುಟಿಯಿಂದ ತಿಳಿಯಿತು.

"ಗೊತ್ತಿಲ್ಲ ಮೇಡಂ. ನನಗೆ ಕೇಳಿಸಲ್ಲ."

ಮೇಡಂ ಸಹಪಾಠಿಯನ್ನು ಹೊರಗೆ ಕಳಿಸಿ, ಕುರ್ಚಿ ಎಳೆದುಕೊಂಡು ಅವಳ ಮುಖಕ್ಕೆ ಮುಖ ಕೊಟ್ಟು ಕುಳಿತರು. ಅವಳು ಹೇಳಿದಳು: ಕಿವಿ, ಮುಳ್ಳು, ಹತ್ತು ಕಳೆಯುವ ಲೆಕ್ಕ, ಕಿಟಕಿ ಪಕ್ಕದ ಹಾಸಿಗೆ.

"ಸದ್ದು ದೊಡ್ಡದು ಮಾಡೋ ಸ್ಟೆತಾಸ್ಕೋಪ್ ಇದೆ ಕಣಮ್ಮ," ಮೇಡಂ ದನಿಯೆತ್ತಿ, ನಿಧಾನವಾಗಿ ಹೇಳಿದರು. "ನಮ್ಮ ಲ್ಯಾಬಿನ ಕಪಾಟಲ್ಲೇ ಇದೆ. ನಿನ್ನ ಕಿವಿಗೆ ಆಪರೇಷನ್ನೂ ಇದೆ. ಕೇಳಿಸಲ್ಲ ಅಂತ ನಾವು ಯಾರನ್ನೂ ಮನೆಗೆ ಕಳಿಸಿಲ್ಲ."

"ಹಾಗಾದ್ರೆ ನಾನು..."

"ಈಗ ಅದು ಕಿವಿ ವಿಷಯ ಅಲ್ಲ. ಕೇಳದೇ ಇದ್ದದ್ದನ್ನ ಕೇಳಿದೆ ಅಂತ ಬರೆದಿದ್ದೀಯ. ಅದಕ್ಕೆ ನಮ್ಮಲ್ಲಿ ಎರಡನೇ ಅವಕಾಶ ಇಲ್ಲ. ನಾನು ಪ್ರಿನ್ಸಿಪಾಲರಿಗೆ ಹೇಳಲೇಬೇಕು. ಆ ಮನೆಯವರಿಗೂ ತಿಳಿಸ್ತಾರೆ."

"ಅವರು ಉಳೀತಿದ್ರಾ ಮೇಡಂ?"

ಮೇಡಂ ರಬ್ಬರ್ ಕೊಳವೆಗಳನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಅದನ್ನ ಯಾರೂ ಹೇಳೋಕಾಗಲ್ಲ ಮಗಳೇ. ಇಲ್ಲ ಅಂತ ನಾನು ಹೇಳಿದ್ರೂ ನೀನು ನಂಬಬೇಡ."

ಸಂಜೆ ಮನೆಗೆ ಬಂದಾಗ ಅಮ್ಮ ಕೊನೆಯ ವರ್ಷದ ಸಮವಸ್ತ್ರ ಹೊಲಿಯುತ್ತಿದ್ದಳು. ಭುಜಕ್ಕೆ ನೀಲಿ ಪಟ್ಟಿ ಕೂರಿಸುವುದೊಂದೇ ಬಾಕಿ.

"ಬಾ ಪುಟ್ಟಿ, ಅಳತೆ ನೋಡೋಣ. ಊಟ ತಿಂಡಿ ಬಿಟ್ಟು ಸೊರಗಿ ಕಡ್ಡಿಯಾಗಿದ್ದೀಯ, ಎರಡು ಕಡೆ ಹಿಡೀಬೇಕೇನೋ."

ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಕೇಳುತ್ತಾ ಅಮ್ಮ ತುಳಿಯುವುದನ್ನು ನಿಲ್ಲಿಸಿದಳು. ಮನೆ ಮೌನವಾಯಿತು. ತಲೆ ತಗ್ಗಿಸಿ, ನೀಲಿ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಮ್ಮ ಏನೋ ಕೇಳಿದಳು.

"ಏನಮ್ಮ?"

ಅಮ್ಮ ಮತ್ತೆ ಕೇಳಿದಳು. ಅವಳಿಗೆ ತಿಳಿಯಲಿಲ್ಲ. ಅಮ್ಮ ತಲೆಯೆತ್ತಿ ಮಗಳನ್ನು ನೋಡಿದಳು. ಆಮೇಲೆ ಸಮವಸ್ತ್ರವನ್ನು ಸೂಜಿಯಡಿಯಿಂದ ಎಳೆದು ಮಡಿಚಿ ಪಕ್ಕಕ್ಕಿಟ್ಟಳು. ಬಟ್ಟೆಯಿಲ್ಲದೆ ತುಳಿದರೆ ಮಿಷನ್ ಹಾಳಾಗುತ್ತದೆ ಎಂದು ಚಿಕ್ಕಂದಿನಲ್ಲಿ ಮಗಳ ಕೈಗೆ ಹೊಡೆದವಳು, ಈಗ ಬರೀ ಮಿಷನ್ನನ್ನು ತುಳಿಯತೊಡಗಿದಳು. ಸದ್ದು ಏರಿತು. ಅದರ ಮೇಲೆ ದನಿಯೆತ್ತಿ ಅಮ್ಮ ಕೇಳಿದಳು:

"ಆ ಡ್ರೈವರ್ ಮಗಳಿಗೆ ಅಪ್ಪ ಬಿಟ್ರೆ ಬೇರೆ ಯಾರಿದ್ದಾರೆ ಅಂತ ಕೇಳಿದೆ."

"ಗೊತ್ತಿಲ್ಲಮ್ಮ. ಕೇಳಲಿಲ್ಲ."

ಅಮ್ಮ ತುಳಿಯುವುದನ್ನು ನಿಲ್ಲಿಸಲಿಲ್ಲ.