ಹೂ ಮಾತ್ರ ಬಿಡುವ ಬಳ್ಳಿ

ಕುಬಟೂರಿನ ಉಚ್ಚಂಗಪ್ಪ ಮತ್ತು ಅವನ ತಮ್ಮ ಚೌಡಪ್ಪ ಹಿಸ್ಸೆಯಾದಾಗ ಜಗಳವಾಡಲಿಲ್ಲ. ಹಿತ್ತಲಿನ ನಡುವೆ ಕಲ್ಲು ನೆಟ್ಟು ತಂತಿ ಬೇಲಿ ಎಳೆದರು. ತೀರಿಹೋದ ತಾಯಿ ಕಾಡಂಚಿನಿಂದ ಗೆಡ್ಡೆ ತಂದು ನೆಟ್ಟಿದ್ದ ಎರಡು ಮಡಹಾಗಲ ಬಳ್ಳಿಗಳು ಬೇಲಿಯ ಎರಡು ಕಡೆಗೆ ಬಿದ್ದವು. ಬೇಸಿಗೆಯಲ್ಲಿ ಒಣಗಿ ಮಾಯವಾಗಿ, ಮೊದಲ ಮಳೆಗೆ ಅದೇ ಗೆಡ್ಡೆಯಿಂದ ಮತ್ತೆ ಚಿಗುರುವ ಬಳ್ಳಿಗಳು ಅವು. ಅಲ್ಲಿಯವರೆಗೆ ಒಂದೇ ಚಪ್ಪರಕ್ಕೆ ಹಬ್ಬಿದ್ದರಿಂದ ಯಾವ ಕಾಯಿ ಯಾವ ಬಳ್ಳಿಯದೆಂದು ಗಂಡಸರು ನೋಡಿರಲಿಲ್ಲ.

ಮೊದಲ ಮಳೆಗಾಲದಲ್ಲಿ ಚೌಡಪ್ಪನ ಬಳ್ಳಿ ಮೈತುಂಬ ಮುಳ್ಳುಗಾಯಿ ಬಿಟ್ಟಿತು. ಉಚ್ಚಂಗಪ್ಪನದು ಹಳದಿ ಹೂ ಬಿಟ್ಟು ಉದುರಿಸಿತು, ಅಷ್ಟೆ. ಚೌಡಪ್ಪನ ಹೆಂಡತಿ ಕರುಣಾ ಮೊರದ ತುಂಬ ಕಾಯಿ ತಂದು ಬೇಲಿಯ ಮೇಲಿಂದ ಚಾಚಿದಳು.

"ತಗಳ್ರೀ ಭಾವ. ನಿಮ್ಮ ಬಳ್ಳಿ ಬರೀ ಶೋಕಿ ಮಾಡ್ತೈತೆ."

ತಮಾಷೆಗೆ ಅಂದದ್ದು. ಉಚ್ಚಂಗಪ್ಪ ಪಲ್ಯ ತಿಂದ, ಆದರೆ ಮಾತನ್ನು ಮರೆಯಲಿಲ್ಲ. ಯಾವ ಬಳ್ಳಿ ಕಾಯಿ ಬಿಡುತ್ತದೆಂದು ಪಾಲು ಮಾಡುವಾಗಲೇ ತಮ್ಮನಿಗೆ ಗೊತ್ತಿತ್ತೇನೋ ಎಂಬ ಅನುಮಾನವೂ ಸೇರಿಕೊಂಡಿತು. ಮಳೆ ನಿಂತ ಮೇಲೆ ಗೆಡ್ಡೆ ಅಗೆದು ಬಿಸಿಲಿಗೆ ಎಸೆದು, ಆ ಜಾಗದಲ್ಲಿ ಬಸಳೆ ನೆಟ್ಟ.

ಮರುವರ್ಷ ಮೊರ ಬರಲಿಲ್ಲ. "ಹಿಸ್ಸೆ ಆದ್ಮೇಲೆ ಕೈ ಬಿಗಿಯಾತು ನೋಡು," ಎಂದು ಹೆಂಡತಿಗೆ ಹೇಳಿದ. ಬೇಲಿಯ ಬಳಿ ಮಾತು ನಿಂತಿತು.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಚಂದ್ರಗುತ್ತಿ ಕಡೆಯ ಅಕ್ಕ ಲೋಕಮ್ಮನ ಮನೆಗೆ ಹೋದಾಗ, ಅವಳ ಬೇಲಿಯಲ್ಲಿ ಮಡಹಾಗಲ ಜೋತುಬಿದ್ದಿತ್ತು. ಉಚ್ಚಂಗಪ್ಪ ತನ್ನ ದೂರು ಹೇಳಿಕೊಂಡ. ಲೋಕಮ್ಮ ಹಣೆ ಬಡಿದುಕೊಂಡಳು.

"ಕಿತ್ತು ಒಗದ್ಯಾ? ಅದು ಗಂಡುಬಳ್ಳಿ ಕಣೋ. ಅದು ಕಾಯಿ ಬಿಡಲ್ಲ, ಬಿಡಿಸ್ತೈತೆ. ಅದಿಲ್ದೆ ಚೌಡನದು ಎಲ್ಲಿಂದ ಕಾಯಿ ಕಚ್ಚಬೇಕು?"

"ಅವ್ವ ನಂಗೆ ಹೇಳಿರಲಿಲ್ಲ."

"ತಿನ್ನೋಕೆ ಬಿಟ್ರೆ ಚಪ್ಪರದ ಹತ್ರ ಯಾವತ್ತು ಸುಳಿದಿದ್ದೆ ನೀನು?"

ಅವಳು ಎರಡು ಹೂ ಕಿತ್ತು ತೋರಿಸಿದಳು. ಒಂದರ ಬುಡದಲ್ಲಿ ಮುಳ್ಳಿನ ಪುಟ್ಟ ಹೀಚಿತ್ತು. ಇನ್ನೊಂದು ಗಂಡುಹೂ, ಅದಕ್ಕೆ ಬರೀ ತೊಟ್ಟು. ತೊಟ್ಟಿನ ಹೂವಿದ್ದ ಬಳ್ಳಿಗೆ ಗುರುತಿಗೆಂದು ಬಟ್ಟೆಚೂರು ಕಟ್ಟಿಟ್ಟು, ಬೇಸಿಗೆಯಲ್ಲಿ ಅದರ ಗೆಡ್ಡೆ ಅಗೆದು ಕೊಟ್ಟಳು.

ಹಬ್ಬ ಮುಗಿಸಿ ಊರಿಗೆ ಬಂದ ದಿನವೇ ತಮ್ಮನಿಗೆ ಹೇಳಬಹುದಿತ್ತು. ಮೊದಲು ಬಳ್ಳಿ ಬರಲಿ, ಅವನ ಬಳ್ಳಿಯಲ್ಲಿ ಕಾಯಿ ಕಚ್ಚಲಿ, ಮೊರ ಈಚೆ ಬಂದಾಗ ಹೇಳಿದರಾಯಿತು ಎಂದುಕೊಂಡ. ಬಸಳೆ ಕಿತ್ತು ಅದೇ ಗುಣಿಯಲ್ಲಿ ಗೆಡ್ಡೆ ಇಟ್ಟ. ಮಳೆ ಹಿಡಿದ ಮೇಲೆ ಬಳ್ಳಿ ತಂತಿಗೆ ಹಬ್ಬಿ ಹೂ ಬಿಟ್ಟಿತು. ಆಚೆ ಕಡೆ ಇಣುಕಿದರೆ ಬೇಲಿಯ ಬುಡದಲ್ಲಿ ಬೆಂಡೆ ಸಾಲು. ಚೌಡಪ್ಪ ಕಳೆ ಕೀಳುತ್ತಿದ್ದ.

"ಚೌಡ, ನಿನ್ನ ಮಡಹಾಗಲ ಎಲ್ಲೋ?"

ಬಹಳ ದಿನಗಳ ಮೇಲೆ ಅಣ್ಣ ಮಾತಾಡಿಸಿದ್ದಕ್ಕೆ ಚೌಡಪ್ಪ ಎದ್ದು ಬಂದ.

"ಮಳೆಗೆ ಮುಂಚೆನೇ ಗೆಡ್ಡೆ ಕಿತ್ತು ಒಗದೆ ಅಣ್ಣ. ಹೋದ ವರ್ಷ ಒಂದು ಕಾಯೀನೂ ನಿಲ್ಲಲಿಲ್ಲ, ಹೀಚೆಲ್ಲ ಹಳದಿಯಾಗಿ ಉದುರೋದು. ನಿಮ್ಮನೆಗೆ ಕೊಡೋಕಾದ್ರೂ ನಾಲ್ಕು ಸಿಗಲಿ ಅಂತ ಕರುಣಾ ದಿನಾ ಎಲೆ ಎತ್ತಿ ನೋಡೋಳು." ಆಮೇಲೆ ನಕ್ಕ. "ಭಾವನ ಕಣ್ಣೇ ಬಿತ್ತು ಅಂದ್ಲು. ಹಂಗೆಲ್ಲ ಅನ್ನಬೇಡ ಅಂತ ಬೈದೆ."

ಉಚ್ಚಂಗಪ್ಪ ಬೇಲಿಯ ಕಂಬ ಹಿಡಿದು ನಿಂತ. ತಂತಿಯುದ್ದಕ್ಕೂ ಅವನ ಬಳ್ಳಿಯ ಹೂಗಳು ಬರೀ ತೊಟ್ಟಿನ ಮೇಲೆ ಅರಳಿದ್ದವು.

"ಅವಳನ್ನ ಬೈಬಾರದಿತ್ತು ಕಣೋ," ಎಂದ.